ಗ್ಯಾಸ್ ಮುಗಿದ ದಿನದ ಬುರುಡೆಗಳು

ಅಕ್ಟೋಬರ್ ಕೊನೆ. ಒಲೆ ಹಚ್ಚಲು ಹೋದರೆ
ಸಿಲಿಂಡರು ಒಮ್ಮೆ ನಿಟ್ಟುಸಿರಿಟ್ಟು ಸುಮ್ಮನಾಯಿತು.
'ಸತ್ತಿತು' ಅಂದ ತೋನ್ಯೊ. ಐದು ವರ್ಷ ಅವನಿಗೆ,
ಈ ವಾರ ಅವನಿಗೆ ಎಲ್ಲವೂ ಸಾಯುತ್ತದೆ:
ಟಾರ್ಚಿನ ಸೆಲ್ಲು, ಬಲೂನು, ಚಪ್ಪಲಿಯ ಉಂಗುಷ್ಟ.

ಮೆಕ್ಸಿಕೋ ನಗರದ ದಕ್ಷಿಣದಂಚು ಇದು,
ಕಾಲುವೆಯ ಪಾಚಿ ವಾಸನೆ ನಮ್ಮ ಬೀದಿಯವರೆಗೂ.
ಗ್ಯಾಸಿನ ಲಾರಿ ಯಾವಾಗ ಬರುತ್ತದೋ ಲಾರಿಗೇ ಗೊತ್ತಿಲ್ಲ.
ಬ್ರೆಡ್ಡು ಸುಡುವಂತಿಲ್ಲ, ಪಾಕ ಏರಿಸುವಂತಿಲ್ಲ.
ಅಡುಗೆಮನೆಯ ಬಾಗಿಲಲ್ಲಿ ಮೂರು ಜೊತೆ ಕಣ್ಣು:
'ಒಬ್ದೂಲಿಯಾ ದೊಡ್ಡಮ್ಮ, ಹಾಗಾದರೆ ಈ ಸಲ ಬುರುಡೆ ಇಲ್ಲವೇ?'

ಯಾಕಿಲ್ಲ? ಬುರುಡೆಗೆ ಬೆಂಕಿ ಯಾಕೆ?
ಜೇನಿನ ಬಾಟಲಿ ತಾರಸಿಗೆ ಒಯ್ದು
ನೀರಿನ ಟ್ಯಾಂಕಿನ ಪಕ್ಕ ಬಿಸಿಲಿಗಿಟ್ಟು ಬಾ, ಹಸಿಂತಾ.
ನಸಾರಿಯೊ, ಕೈ ತೊಳಿ. ಇನ್ನೊಂದು ಕೈಯೂ.
ಮೇಲಿನ ಡಬ್ಬಿಯಲ್ಲಿ ರಾಜಗಿರಿ ಅರಳಿದೆ,
ಮೆಲ್ಲಗೆ ಸುರಿಯಿರಿ, ಉಸಿರು ಬಿಡಬೇಡಿ ಅದರ ಮೇಲೆ
ಅಂದೆ.
ತೋನ್ಯೊ ಸೀನಿದ.

ಎಷ್ಟು ಹಗುರ ಈ ಕಾಳು!
ರೆಪ್ಪೆಗಳ ಮೇಲೆ, ಬೆಕ್ಕಿನ ಬೆನ್ನ ಮೇಲೆ,
ಗೋಡೆಯಲ್ಲಿರುವ ನನ್ನ ಗಂಡನ ಪಟದ ಗಾಜಿನ ಮೇಲೆ.
ಮೀಸೆಗೆ ಕೊನೆಗೂ ನರೆ ಬಂತು
ನಲವತ್ತಕ್ಕೇ ಹೋದವನಿಗೆ.
ಒರೆಸಲಿಲ್ಲ ನಾನು.

ಬಿಸಿಲುಂಡ ಜೇನು ಎಳೆಎಳೆಯಾಗಿ ಇಳಿಯುತ್ತದೆ.
ಕಲಸು. ಬೆರಳಿಗಂಟಿದ್ದು ನೆಕ್ಕಬೇಡ.
ನೆಕ್ಕಿದೆಯಾ? ಮತ್ತೆ ಹೋಗು ನಲ್ಲಿಗೆ.
ಮಣ್ಣಿನ ಅಚ್ಚು ನನ್ನವ್ವನದು, ಗದ್ದ ಮುಕ್ಕಾಗಿದೆ,
ಹಾಗಾಗಿ ನಮ್ಮ ಮನೆಯ ಬುರುಡೆಗಳಿಗೆಲ್ಲ
ಎಡಗಡೆ ಒಂದು ಕೊಂಕುನಗೆ.
ಒತ್ತು. ಇನ್ನೂ ಒತ್ತು. ಹೆದರಬೇಡ, ಅದಕ್ಕೆ ನೋವಾಗದು.
ಕಣ್ಣಿಗೆ ಒಣದ್ರಾಕ್ಷಿ, ಹಲ್ಲಿಗೆ ಕುಂಬಳಬೀಜ.

ಕೈ ಬುರುಡೆ ಕಟ್ಟುತ್ತಿದ್ದರೆ ಬಾಯಿ ಬುರುಡೆ ಬಿಡುತ್ತದೆ:
ಸ್ಕೂಲಿನ ಕಕ್ಕಸಿನಲ್ಲಿ ತಲೆಯಿಲ್ಲದ ಸನ್ಯಾಸಿನಿ ಇದ್ದಾಳಂತೆ,
ರಾತ್ರಿ ಸರಪಳಿ ಎಳೆದು ನೀರು ಬಿಡುವುದು ಅವಳೇ ಅಂತೆ,
ನಸಾರಿಯೊ ಕಣ್ಣಾರೆ ಕಂಡಿದ್ದಾನಂತೆ.
'ತಲೆಯೇ ಇಲ್ಲದ ಮೇಲೆ ಸನ್ಯಾಸಿನಿ ಅಂತ ಹೇಗೆ ಗೊತ್ತಾಯಿತು?'
ಹಸಿಂತಾಳ ಪ್ರಶ್ನೆ.
ಅವನು ಯೋಚಿಸಿ, ತನ್ನ ಬುರುಡೆಗೆ ಮೂರನೆಯ ಕಣ್ಣಿಡುತ್ತಾನೆ:
'ಇವನಿಗೆ ಮಾತ್ರ ಯಾವ ಬಸ್ಸೂ ತಪ್ಪುವುದಿಲ್ಲ.'

ಈಗ ಹಣೆಯ ಮೇಲೆ ಹೆಸರು.
ಕಾಗದದ ಪಟ್ಟಿ, ಪುಡಿಸಕ್ಕರೆಯ ಗೋಂದು.
ಸತ್ತವರದೇ ಆಗಬೇಕೆಂದಿಲ್ಲ, ಬದುಕಿರುವವರಿಗೂ
ಅವರವರ ಹೆಸರಿನ ಬುರುಡೆ ಕೊಡಬಹುದು,
ಪ್ರೀತಿ ಇದ್ದರೆ.
ಹಸಿಂತಾ ಬರೆದದ್ದು ಗಣಿತದ ಮೇಷ್ಟರ ಹೆಸರು.
ಪ್ರೀತಿಯೇ? 'ಇಲ್ಲ, ಅರವತ್ತು ಮಾರ್ಕು.'
ನಸಾರಿಯೊ ಬರೆದದ್ದು ಅವರ ನಾಯಿಯದು,
ಹೋದ ಮಳೆಗಾಲ ಲಾರಿಯಡಿ ಸಿಕ್ಕಿದ್ದು.
ಬರೆದವನು ತುಂಬ ಹೊತ್ತು ಕಿಟಕಿಯಲ್ಲಿ
ಏನನ್ನೋ ಹುಡುಕುತ್ತಿದ್ದ.
ತೋನ್ಯೊಗೆ ಬರುವುದು ಒಂದೇ ಅಕ್ಷರ, ಅದೂ ಸೊನ್ನೆಯಂಥದ್ದು.
ನನ್ನ ಹೆಸರು ಶುರುವಾಗುವುದೂ ಅದರಿಂದಲೇ.
ಬರೆದು ನನ್ನೆದುರಿಗೆ ತಳ್ಳಿದ:
'ಇದು ನೀನು. ತಿನ್ನು.'

ತನ್ನ ತಲೆಯನ್ನು ತಾನೇ ತಿನ್ನುವುದು ಸಲೀಸಲ್ಲ,
ಅದೂ ಉಳಿದಿರುವ ಒಂದೇ ದವಡೆಹಲ್ಲಿನಲ್ಲಿ.
ಮೊದಲು ಗದ್ದ ಮುರಿದೆ, ದಿನವಿಡೀ ಗದರಿದ್ದು ಅದೇ.
ಆಮೇಲೆ ಕಣ್ಣು, ಹುಳಿಹುಳಿ ಸಿಹಿ.
ಹಣೆ ಕರಗುವಾಗ ಬಿಸಿಲಿನ ರುಚಿ,
ಸ್ವಲ್ಪ ಟ್ಯಾಂಕಿನದೂ.
ಮೂವರೂ ನನ್ನ ಬಾಯನ್ನೇ ನೋಡುತ್ತಿದ್ದರು.
'ಹೇಗಿದ್ದೀಯ?' ಅಂದ ತೋನ್ಯೊ.
'ಉಪ್ಪು ಒಂಚೂರು ಕಮ್ಮಿ' ಅಂದೆ.

ಆಗ ಬೀದಿಯ ತುದಿಯಲ್ಲಿ
ಸರಪಳಿ ಎಳೆದುಕೊಂಡು, ಗಂಟಲು ಹರಿದುಕೊಂಡು
ಬಂತು ಗ್ಯಾಸಿನ ಲಾರಿ, ಹಾಡುಹಗಲಿನ ದೆವ್ವ.
ದುಡ್ಡು ಹುಡುಕಲು ಎದ್ದೆ, ಕೈಯೆಲ್ಲ ಅಂಟು.
ಹಣೆ ಖಾಲಿ ಇದ್ದ ಒಂದು ಬುರುಡೆ ಉಳಿದಿತ್ತು.
ಅಂಗೈಯಲ್ಲಿ ಅದನ್ನಿಟ್ಟುಕೊಂಡು
ಬರಿಗಾಲಲ್ಲಿ ಓಡಿದಳು ಹಸಿಂತಾ:
'ಗ್ಯಾಸಣ್ಣಾ, ನಿಲ್ಲು, ನಿಲ್ಲು,
ನಿನ್ನ ಹೆಸರೇನು?'